ಎರಡು ಲಕ್ಷ ಕಿಲೋಮೀಟರ್ ಓಡಿದ ಬೊಲೆರೊ ತಗೋಬಹುದಾ?

ಬೆಳಗಾವಿಯಲ್ಲಿ ಹಳೆಯ ಗಾಡಿ ಮಾರುವವರ ಹತ್ತಿರ ಹೋದರೆ ಮೊದಲು ಕೇಳುವ ಮಾತು ಒಂದೇ: "ಡೀಸೆಲ್ ಎಂಜಿನ್ ಐತ್ರಿ, ಏನೂ ಆಗಂಗಿಲ್ಲ, ಇನ್ನೂ ಎರಡು ಲಕ್ಷ ಆರಾಮ ಓಡ್ತೈತಿ." ಈ ಮಾತು ಪೂರ್ತಿ ಸುಳ್ಳೇನಲ್ಲ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಮೂರು ಲಕ್ಷ ದಾಟಿದ ಬೊಲೆರೊ, ಸುಮೋ, ಕ್ವಾಲಿಸ್ ಈಗಲೂ ಕಾಣುತ್ತವೆ. ಆದರೆ ನಾವು ನೋಡುವುದು ಉಳಿದುಕೊಂಡ ಗಾಡಿಗಳನ್ನು ಮಾತ್ರ. ಒಂದೂವರೆ ಲಕ್ಷಕ್ಕೇ ಎಂಜಿನ್ ಹೋದವು ಗುಜರಿಯಲ್ಲಿ ಇವೆ, ಅವು ರಸ್ತೆಗೆ ಬಂದು ಸಾಕ್ಷಿ ಹೇಳುವುದಿಲ್ಲ. ಹಾಗಾಗಿ "ಬೊಲೆರೊ ಗಟ್ಟಿ" ಎಂಬುದು ಒಂದು ಪ್ರಶ್ನೆ, "ಈ ಬೊಲೆರೊ ಗಟ್ಟಿಯಾ" ಎಂಬುದು ಬೇರೆಯೇ ಪ್ರಶ್ನೆ. ನಮಗೆ ಬೇಕಾದದ್ದು ಎರಡನೆಯದು.

ಕ್ಲಾಸಿನಲ್ಲಿ ಓದಿದ್ದನ್ನು ಸ್ವಲ್ಪ ಇಲ್ಲಿ ಹಚ್ಚಿ ನೋಡೋಣ. ಬಾತ್‌ಟಬ್ ಕರ್ವ್ ಎಲ್ಲರಿಗೂ ನೆನಪಿರಬೇಕು: ಮೊದಲು ತಯಾರಿಕೆಯ ದೋಷಗಳು, ನಡುವೆ ಯಾವಾಗಲೋ ಒಮ್ಮೆ ಬರುವ ತೊಂದರೆ, ಕೊನೆಗೆ ಸವೆತ. ಎರಡು ಲಕ್ಷ ಓಡಿದ ಗಾಡಿಯಲ್ಲಿ ಪಿಸ್ಟನ್ ರಿಂಗ್, ಕ್ಲಚ್, ಇಂಜೆಕ್ಟರ್, ಬೇರಿಂಗ್ ಎಲ್ಲ ಮೂರನೇ ಹಂತಕ್ಕೆ ಬಂದಿರುತ್ತವೆ ಅಥವಾ ಆಗಲೇ ಬದಲಾಗಿರುತ್ತವೆ. ಬದಲಾಗಿದ್ದರೆ ಆ ಭಾಗದ ವಯಸ್ಸು ಮತ್ತೆ ಸೊನ್ನೆಯಿಂದ ಶುರು. ಬಿಲ್ಲುಗಳ ಫೈಲ್ ಇರುವ ಗಾಡಿಗೆ ಬೆಲೆ ಬರುವುದು ಇದಕ್ಕೇ. ರಬ್ಬರಿನ ಹೋಸ್, ಬುಷ್‌ಗಳದ್ದು ಮಾತ್ರ ಬೇರೆ ಲೆಕ್ಕ. ಗಾಡಿ ನಿಂತಲ್ಲೇ ನಿಂತಿದ್ದರೂ ವರ್ಷ ಕಳೆದಂತೆ ಅವು ಒಣಗಿ ಬಿರುಕು ಬಿಡುತ್ತವೆ. "ಕಡಿಮೆ ಓಡೈತಿ" ಅಂದ ಕೂಡಲೇ ಖುಷಿಪಡಬೇಕಾಗಿಲ್ಲ.

ಇನ್ನೊಂದು ಸಣ್ಣ ಲೆಕ್ಕ. ಎಂಜಿನ್, ಟರ್ಬೊ, ಇಂಧನ ವ್ಯವಸ್ಥೆ, ಕೂಲಿಂಗ್, ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಸ್ಟೀರಿಂಗ್, ಬ್ರೇಕ್, ವಿದ್ಯುತ್ ಭಾಗ, ಹೀಗೆ ಹತ್ತು ಭಾಗ ಅಂತ ಹಿಡಿಯೋಣ. ಒಂದೊಂದೂ ವರ್ಷಪೂರ್ತಿ ತೊಂದರೆ ಕೊಡದೆ ಇರುವ ಸಾಧ್ಯತೆ 95% ಎಂದುಕೊಳ್ಳಿ. ಹತ್ತೂ ಸೇರಿ ತೊಂದರೆ ಕೊಡದೆ ಇರುವ ಸಾಧ್ಯತೆ 0.95 ಅನ್ನು ಹತ್ತು ಸಲ ಗುಣಿಸಿದಾಗ ಬರುವಷ್ಟು, ಅಂದರೆ ಸುಮಾರು 60%. ಒಂದೊಂದೂ 90%ಗೆ ಇಳಿದರೆ ಒಟ್ಟು 35% ಆಗುತ್ತದೆ. ಅಂಕಿಗಳು ನಾವು ಊಹಿಸಿ ಹಾಕಿದವು, ಗುಣಾಕಾರ ಮಾತ್ರ ಖರೆ. ಹಳೆಯ ಗಾಡಿ ಕೊಂಡ ಮೊದಲ ವರ್ಷ ಒಂದು ಸಲವೂ ಗ್ಯಾರೇಜ್‌ಗೆ ಹೋಗಬಾರದು ಅಂತ ಆಸೆ ಇಟ್ಟುಕೊಳ್ಳುವುದೇ ತಪ್ಪು ಲೆಕ್ಕ. ಎಷ್ಟು ಖರ್ಚು ಬರುತ್ತದೆ, ಎಲ್ಲಿ ನಿಲ್ಲಿಸುತ್ತದೆ ಎಂದು ಕೇಳಿಕೊಳ್ಳಬೇಕು.

ಎಲ್ಲಿ ನಿಲ್ಲಿಸುತ್ತದೆ ಎಂಬುದು ಖಾನಾಪುರದವರಿಗೆ ದೊಡ್ಡ ಪ್ರಶ್ನೆ. ಕ್ಯಾಂಪಿನಲ್ಲಿ ಗಾಡಿ ಕೆಟ್ಟರೆ ಆಟೋ ಹಿಡಿದು ಮನೆಗೆ ಹೋಗಬಹುದು. ಜಾಂಬೋಟಿ, ಕಣಕುಂಬಿ ಆಚೆ, ಇಲ್ಲವೇ ಭೀಮಗಡದ ಕಾಡಿನ ನಡುವಿನ ಹಳ್ಳಿಗಳ ದಾರಿಯಲ್ಲಿ, ಆಷಾಢದ ಮಳೆಯಲ್ಲಿ, ರಾತ್ರಿ ಬಾಣಂತಿಯನ್ನು ಕೂರಿಸಿಕೊಂಡು ಹೊರಟಾಗ ನಿಂತರೆ? ಅಂಥ ಊರಲ್ಲಿ ಒಂದು ಗಾಡಿ ಅಂದರೆ ಇಡೀ ಓಣಿಯ ಗಾಡಿ.

ನಮ್ಮ ಬಳಗದ ಗೆಳೆಯನೊಬ್ಬನ ಸೋದರಮಾವ ಜಾಂಬೋಟಿ ಕಡೆಯವರು. ಎರಡು ಎಮ್ಮೆ ಮಾರಿದ ದುಡ್ಡು, ಸೊಸೈಟಿಯ ಸಾಲ ಸೇರಿಸಿ ಒಂದು ಬೊಲೆರೊ ನೋಡುತ್ತಿದ್ದರು. "ನೀವು ಮೆಕ್ಯಾನಿಕಲ್ ಓದೋರು, ಬಂದು ನೋಡ್ರಪ್ಪ" ಅಂತ ಕರೆದರು. ನಾವು ಮೂವರು ಹೋದೆವು. ಗಾಡಿ ಎರಡಿದ್ದವು, ಎರಡೂ 2014ರ ಮಾದರಿ. ಒಂದರ ಮೀಟರ್ 2.14 ಲಕ್ಷ, ಬಣ್ಣ ಮಾಸಿದೆ, ಬಿಲ್ಲುಗಳ ಫೈಲ್ ದಪ್ಪ ಇದೆ. ಇನ್ನೊಂದು 92 ಸಾವಿರ, ಪಾಲಿಶ್ ಹೊಡೆದು ಫಳಫಳ. ಮಾವನ ಕಣ್ಣು ಎರಡನೆಯದರ ಮೇಲೆ.

ನಾವು ಮೊದಲು ನೋಡಿದ್ದು ಪೆಡಲ್. 92 ಸಾವಿರದ ಗಾಡಿಯ ಕ್ಲಚ್ ಪೆಡಲಿನ ರಬ್ಬರ್ ಗೆರೆಯೇ ಇಲ್ಲದಂತೆ ಸವೆದಿತ್ತು, ಡ್ರೈವರ್ ಸೀಟು ಒಂದು ಕಡೆ ಕುಸಿದಿತ್ತು. ಆಮೇಲೆ ಟೈರ್. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಅಂದರೆ 2019ರ 23ನೇ ವಾರ. ಟೈರ್ ಎಷ್ಟು ಜೊತೆ ಬದಲಾಗಿರಬಹುದು ಎಂದು ಇದರಿಂದ ಅಂದಾಜು ಸಿಗುತ್ತದೆ. ಕಾಮನ್ ರೈಲ್ ಗಾಡಿಯಾದರೆ ಸ್ಕ್ಯಾನರ್ ಹಚ್ಚಿ ನೋಡಿ. ಕೆಲವು ಗಾಡಿಗಳಲ್ಲಿ ಓಡಿದ ದೂರ ಮೀಟರಿನ ಹೊರತಾಗಿ ಇನ್ನೊಂದು ಮಾಡ್ಯೂಲಿನಲ್ಲೂ ಉಳಿದಿರುತ್ತದೆ, ಮೀಟರ್ ತಿರುಗಿಸಿದವನು ಅದನ್ನು ಮರೆತಿರಬಹುದು.

ಇನ್ನು ಮೀಟರ್ ಖರೆ ಇದ್ದರೂ ಅದು ಅರ್ಧ ಕಥೆ. ಎಂಜಿನ್ ಸವೆಯುವುದು ತಾಸುಗಳ ಲೆಕ್ಕದಲ್ಲಿ. ಹೆದ್ದಾರಿ 48ರಲ್ಲಿ ಸರಾಸರಿ 70 ಕಿ.ಮೀ. ವೇಗದಲ್ಲಿ ಎರಡು ಲಕ್ಷ ಓಡಿದರೆ ಎಂಜಿನ್ ದುಡಿದದ್ದು ಸುಮಾರು 2,860 ತಾಸು. ಊರೊಳಗೆ, ಪ್ಯಾಸೆಂಜರ್ ಹೊಡೆಯುತ್ತ, ಸರಾಸರಿ 20ರಲ್ಲಿ ಓಡಿದ್ದರೆ 10,000 ತಾಸು. ಮೀಟರ್ ಒಂದೇ, ಆಯುಷ್ಯ ಮೂರೂವರೆ ಪಟ್ಟು ಬೇರೆ. "ಎಷ್ಟು ಓಡೈತಿ" ಎಂದು ಕೇಳಿದ ಮೇಲೆ "ಎಲ್ಲಿ ಓಡೈತಿ, ಯಾರು ಓಡಿಸಿದ್ರು" ಎಂದೂ ಕೇಳಲೇಬೇಕು.

ಗಾಡಿ ನೋಡಲು ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು ಎಂದು ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಆ ಫಳಫಳ ಗಾಡಿ ಎಂಟು ಗಂಟೆಗೇ ಬೆಚ್ಚಗಿತ್ತು. ಚಾಲೂ ಆಗಲು ತ್ರಾಸ ಕೊಡುವ ಎಂಜಿನ್ನನ್ನು ಮೊದಲೇ ಕಾಯಿಸಿಟ್ಟರೆ ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ತಣ್ಣನೆಯ ಡೀಸೆಲ್ ಎಂಜಿನ್ ಮೊದಲ ಕೆಲವು ಸೆಕೆಂಡ್ ಬಿಳಿ ಹೊಗೆ ಬಿಟ್ಟರೆ ಗಾಬರಿ ಬೇಡ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಕಾರಣ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ. ಕಪ್ಪು ಹೊಗೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು ಎಂಬ ಗುರುತು. ಕೆಲವೊಮ್ಮೆ ಏರ್ ಫಿಲ್ಟರ್ ಬದಲಿಸಿದರೇ ಹೋಗುತ್ತದೆ, ಕೆಲವೊಮ್ಮೆ ಇಂಜೆಕ್ಟರ್ ತನಕ ಬರುತ್ತದೆ.

ಎಂಜಿನ್ ಐಡಲಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಸ್ವಲ್ಪ ಉಗಿ ಬರುವುದು ಹಳೆಯ ಡೀಸೆಲ್‌ಗೆ ಸಹಜ. ಭಸ್ ಭಸ್ ಎಂದು ಒತ್ತಡದಿಂದ ಹೊಗೆ ಬಂದು ಮುಚ್ಚಳ ಕುಣಿದರೆ ರಿಂಗ್ ದಾಟಿ ಗ್ಯಾಸ್ ಕೆಳಗೆ ಬರುತ್ತಿದೆ, ಅದನ್ನೇ ಬ್ಲೋ-ಬೈ ಅನ್ನುತ್ತೇವೆ. ಆಗ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಮಾತು ಮುಂದುವರಿಸಬೇಡಿ. ಆ ಪರೀಕ್ಷೆಯಲ್ಲಿ ಅಂಕಿ ಎಷ್ಟು ಎನ್ನುವುದರ ಜೊತೆಗೆ ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಎಷ್ಟು ಎಂಬುದನ್ನೂ ನೋಡಬೇಕು. ಡೀಸೆಲ್ ಆಯಿಲ್ ಕಪ್ಪಗಿದೆ ಎಂದು ಮಾತ್ರ ಗಾಡಿ ಬಿಡಬೇಡಿ, ಅದು ಮಸಿ, ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.

ಗಾಡಿಯ ಕೆಳಗೆ ಮಲಗಿ ನೋಡುವುದಕ್ಕೆ ನಾಚಿಕೆ ಬೇಡ. ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳಿಗೆ ಏಣಿಯಂಥ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಎಂಜಿನ್ ಹೋದರೆ ಉದ್ಯಮಬಾಗದಲ್ಲಿ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಬಹುದು. ಕ್ಯಾಸ್ಟಿಂಗ್, ಮಶೀನಿಂಗ್ ಕೆಲಸಕ್ಕೆ ನಮ್ಮ ಊರು ಹೆಸರಾದದ್ದು. ಚಾಸಿ ತುಕ್ಕು ಹಿಡಿದರೆ ಅಷ್ಟು ಸುಲಭದ ಉಪಾಯ ಇಲ್ಲ. ಗೋವಾ ಗಾಡಿಗಳು ಇಲ್ಲಿ ಅಗ್ಗಕ್ಕೆ ಸಿಗುತ್ತವೆ, ಆದರೆ ಕಡಲಗಾಳಿಯ ಉಪ್ಪು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಚಾಸಿ ಬಡಿದು ನೋಡಿ: ಠಣ್ ಎಂದರೆ ಸರಿ, ಮಂಕು ಸದ್ದು ಬಂದು ಪದರ ಉದುರಿದರೆ ಬಿಟ್ಟುಬಿಡಿ. ಮಾರುವ ವಾರವೇ ಕೆಳಗೆ ಕಪ್ಪು ಬಣ್ಣ ಹೊಡೆದಿದ್ದರೆ ಯಾಕೆ ಎಂದು ಕೇಳಿ. ಹಿಂದಿನ ಪಟ್ಟಿ ಸ್ಪ್ರಿಂಗ್ ಚಪ್ಪಟೆಯಾಗಿದ್ದರೆ ಗಾಡಿ ಅತಿಭಾರ ಹೊತ್ತಿದೆ.

2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ಉಕ್ಕಿ ಜಿಲ್ಲೆಯ ಎಷ್ಟೋ ಊರು ಮುಳುಗಿದ್ದವು. ಅದಕ್ಕೂ ಹಳೆಯ ಗಾಡಿಯಾದರೆ ಸೀಟ್ ಬೆಲ್ಟನ್ನು ತುದಿಯ ತನಕ ಎಳೆದು ನೋಡಿ. ಸೀಟು ತೊಳೆಯುತ್ತಾರೆ, ಬೆಲ್ಟಿನ ಒಳಸುತ್ತು ತೊಳೆಯುವವರು ಕಡಿಮೆ, ಕೆಸರಿನ ಗೆರೆ ಅಲ್ಲಿ ಸಿಗುತ್ತದೆ.

ಓಡಿಸಿ ನೋಡಲು ಜಾಂಬೋಟಿ ದಾರಿಯ ಏರು ಸಾಕು. ನಾವು ಫೈಲ್ ಇದ್ದ ಗಾಡಿಯನ್ನು ಅಲ್ಲಿಗೇ ಒಯ್ದೆವು. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರಿತು, ವೇಗ ಏರಲಿಲ್ಲ. ಕ್ಲಚ್ ಜಾರುತ್ತಿತ್ತು. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬರಲಿಲ್ಲ, ಅಂದರೆ ವಾಲ್ವ್ ಸೀಲ್ ಚಲೋ ಇವೆ. ಗೇರ್ ತಾನಾಗಿ ಹೊರಗೆ ಜಿಗಿಯಲಿಲ್ಲ, ಉಷ್ಣತೆಯ ಮುಳ್ಳು ಅಲುಗಲಿಲ್ಲ. ಮಾವ "ಕ್ಲಚ್ ಹೋಗೇತಿ ಅಂದ್ರ ಬ್ಯಾಡ ಬಿಡ್ರಿ" ಅಂದರು. ನಮಗೆ ಹಾಗನಿಸಲಿಲ್ಲ. ಕ್ಲಚ್ ಖರ್ಚು ಎಷ್ಟು ಎಂದು ಮೆಕ್ಯಾನಿಕ್ ಅಲ್ಲೇ ನಿಂತು ಹೇಳಬಲ್ಲ, ತಿರುಗಿಸಿದ ಮೀಟರಿನ ಹಿಂದೆ ಏನೇನು ಅಡಗಿದೆ ಎಂದು ಯಾರೂ ಹೇಳಲಾರರು. ಕ್ಲಚ್ಚಿನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡು 2.14 ಲಕ್ಷದ ಗಾಡಿಯನ್ನೇ ಮಾವ ತಗೊಂಡರು.

ಬೇರೆ ಗಾಡಿ ನೋಡುವವರಿಗೆ ಒಂದು ಮಾತು. ಟೊಯೊಟಾ ಇನ್ನೋವಾದ ಹಳೆಯ 2.5 ಲೀಟರ್ ಡೀಸೆಲ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಅದನ್ನು ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಲೆಕ್ಕ ಹಾಕಿ, ಬೆಲ್ಟ್ ಕಡಿದರೆ ವಾಲ್ವ್ ಮೇಲೆ ಪಿಸ್ಟನ್ ಬಡಿದು ಎಂಜಿನ್ನೇ ಹಾಳು. ದೊಡ್ಡ ಬ್ರಾಂಡಿನ ಐಷಾರಾಮಿ ಎಸ್‌ಯುವಿ ಅರ್ಧ ಬೆಲೆಗೆ ಸಿಗುತ್ತದೆ ಎಂದು ಹಿಗ್ಗುವವರು ಮೊದಲು ಖಾನಾಪುರದಲ್ಲಿ ಅದರ ಬಿಡಿಭಾಗ ವಿಚಾರಿಸಿ ಬರಲಿ.

ಕಾಗದಪತ್ರದ ಕೆಲಸ ಬೇಸರದ್ದು, ಆದರೂ ಬಿಡಬೇಡಿ. ಆರ್‌ಸಿಯಲ್ಲಿನ ಚಾಸಿ ನಂಬರ್ ಮತ್ತು ಚಾಸಿ ಮೇಲೆ ಕೆತ್ತಿದ ನಂಬರ್ ಒಂದೊಂದೇ ಅಕ್ಷರ ತಾಳೆ ನೋಡಿ. ಮಾಲೀಕತ್ವ ಬದಲಿಗೆ ಫಾರ್ಮ್ 29 ಮತ್ತು 30, ಬ್ಯಾಂಕ್ ಸಾಲ ತೀರಿದ್ದಕ್ಕೆ ಫಾರ್ಮ್ 35. ಎಂಎಚ್ ಅಥವಾ ಜಿಎ ನಂಬರಿನ ಗಾಡಿಯಾದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು, ಮೇಲೆ ಕರ್ನಾಟಕದ ತೆರಿಗೆ ಬೇರೆ. ಅಗ್ಗ ಅನಿಸಿದ್ದು ಅಲ್ಲಿಗೆ ಸಮ ಆಗಿಬಿಡಬಹುದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಆದ್ದರಿಂದ 13 ವರ್ಷದ ಗಾಡಿಗೆ ಆ ಖರ್ಚನ್ನೂ ಈಗಲೇ ಸೇರಿಸಿ. ಇನ್ನು ಮನೆಯ ಹಳೆಯ ಗಾಡಿ ಮಾರುವವರಿಗೆ: ಹೆಸರು ಬದಲಾಗುವ ತನಕ ಬೆನ್ನು ಹತ್ತಿ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ, ಗಾಡಿ ಕೈ ಬದಲಾಗಿ ಎಷ್ಟು ವರ್ಷ ಆಗಿದ್ದರೂ ಸರಿ.