ಆಟದ ನಡುವೆ ರೂಲ್ಸ್ ಬದಲಾದ್ರೆ ಯಾರನ್ನ ಕೇಳ್ಬೇಕು?

ಚೌಕಾಬಾರ ಆಡೋಕೆ ಕೂತಾಗ ಮೊದಲ ಜಗಳ ಯಾವಾಗಲೂ ಒಂದೇ. "ನಮ್ಮನೇಲಿ ಒಂದಾದ್ರೂ ಕಾಯಿ ಕಡೀದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ" ಅಂತ ಒಬ್ಬರು, "ನಮ್ಮಜ್ಜಿ ಮನೇಲಿ ಹಾಗೇನಿಲ್ಲ" ಅಂತ ಇನ್ನೊಬ್ಬರು. ಐದು ನಿಮಿಷ ವಾದ ಮಾಡಿ, ಒಂದು ರೂಲ್ ಒಪ್ಕೊಂಡು ಕವಡೆ ಹಾಕ್ತೀವಿ. ಆಟ ಮುಗಿದ ಮೇಲೆ ಮುಂದಿನ ಆಟಕ್ಕೆ ಬೇರೆ ರೂಲ್ ಇಟ್ಕೊಂಡ್ರೂ ಯಾರಿಗೂ ನಷ್ಟ ಇಲ್ಲ.

ಆದ್ರೆ ಒಂದೇ ಆಟ ಒಂದು ವರ್ಷ ನಡೆಯೋದಾದ್ರೆ? ಅದರ ಮಧ್ಯದಲ್ಲಿ ರೂಲ್ ಪುಸ್ತಕವೇ ಬದಲಾದ್ರೆ? ನಮ್ಮ ಗುಂಪಿಗೆ ಹೀಗೇ ಆಯ್ತು. ಇನ್ನೇನು ಗುಂಪೇ ಒಡೆಯೋದ್ರಲ್ಲಿತ್ತು. ಅದರಿಂದ ನಾವು ಕಲಿತದ್ದನ್ನ ಇಲ್ಲಿ ಬರೀತಿದ್ದೀವಿ.

ಮೊದಲು, ಇದು ಯಾವ ಆಟ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರು ನೀವು 'ಸ್ಟ್ರೇಂಜರ್ ಥಿಂಗ್ಸ್' ನೋಡಿದ್ರೆ ಕೇಳಿರ್ತೀರ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ ಹೊರತಂದ ಆಟ. ಒಬ್ಬರು ಡಂಜನ್ ಮಾಸ್ಟರ್, ಅಂದ್ರೆ ಡಿಎಂ, ಕಥೆ ನಡೆಸ್ತಾರೆ. ಉಳಿದವರು ತಲಾ ಒಂದು ಪಾತ್ರ ಆಡ್ತಾರೆ. ಏನು ಮಾಡ್ತೀನಿ ಅಂತ ಬಾಯಲ್ಲಿ ಹೇಳೋದು, ಆಯ್ತೋ ಇಲ್ವೋ ಅನ್ನೋದನ್ನ 20 ಮುಖದ ದಾಳ ಹೇಳತ್ತೆ. ವಾರ ವಾರ ಮುಂದುವರಿಯೋ ಈ ಕಥೆಗೆ ಕ್ಯಾಂಪೇನ್ ಅಂತಾರೆ.

ನಾವು ಆರು ಜನ. ಜಯನಗರದ ಒಂದು ಮನೆಯ ಟೆರೇಸ್ ರೂಮಿನಲ್ಲಿ ಭಾನುವಾರ ಸೇರ್ತೀವಿ. ಜೆ.ಪಿ. ನಗರದಿಂದ ಇಬ್ಬರು, ಬನಶಂಕರಿಯಿಂದ ಇಬ್ಬರು, ಬಿಟಿಎಂನಿಂದ ಒಬ್ಬ. ಅವನು 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾದ ಮೇಲೆ ಮೆಟ್ರೋದಲ್ಲಿ ಆರ್.ವಿ. ರೋಡ್‌ವರೆಗೆ ಬರ್ತಾನೆ, ಲೇಟಾಗೋಕೆ ಈಗ ನೆಪ ಇಲ್ಲ. ಆಟ ಶುರು ಮಾಡಿದ್ದು ಫಸ್ಟ್ ಸೆಮ್‌ನಲ್ಲಿ, ಒಬ್ಬನ ಅಣ್ಣನ ಹಳೇ ಪುಸ್ತಕ ಇಟ್ಕೊಂಡು. ಅದು 2014ರ 5ನೇ ಆವೃತ್ತಿ.

ಪುಸ್ತಕ ಬದಲಾದದ್ದು ಹೇಗೆ?

ಈ ಆಟಕ್ಕೆ ಆವೃತ್ತಿ ಬದಲಾಗೋದು ಹೊಸದಲ್ಲ. 3ನೇ ಆವೃತ್ತಿ ಬಂದದ್ದು 2000ದಲ್ಲಿ, ಅದರ ತಿದ್ದುಪಡಿ 3.5 ಮೂರೇ ವರ್ಷಕ್ಕೆ. 2008ರ 4ನೇ ಆವೃತ್ತಿ ಎಷ್ಟು ಬೇರೆಯಾಗಿತ್ತು ಅಂದ್ರೆ ಬಹಳ ಜನ ಹಳೆಯದನ್ನ ಬಿಡಲೇ ಇಲ್ಲ. ಪೈಜೋ ಕಂಪನಿ 3.5ರ ನಿಯಮಗಳ ಮೇಲೇ ಕಟ್ಟಿ 2009ರಲ್ಲಿ ಪಾತ್‌ಫೈಂಡರ್ ತಂತು. ಆಗ ಗುಂಪುಗಳ ಮುಂದಿದ್ದ ಪ್ರಶ್ನೆ ನೇರ: ಹಳೇದಾ, ಹೊಸದಾ?

2024ರಲ್ಲಿ ಹಾಗಿರಲಿಲ್ಲ. ಹೊಸ ಪುಸ್ತಕಗಳು ಹಳೆಯ 5ನೇ ಆವೃತ್ತಿ ಜೊತೆ ಹೊಂದುತ್ತವೆ ಅಂತಲೇ ಪ್ರಕಾಶಕರು ಹೇಳಿದ್ರು. ಕೇಳೋಕೆ ಸುಲಭ ಅನ್ಸತ್ತೆ. ಆದ್ರೆ ಎರಡನ್ನೂ ಬೆರೆಸಬಹುದು ಅಂದಾಗ, ಯಾವುದನ್ನ ಎಷ್ಟು ಬೆರೆಸೋದು ಅನ್ನೋ ತಲೆನೋವು ಪ್ರತಿ ಗುಂಪಿನ ಮೇಲೆ ಬೀಳತ್ತೆ. ಇನ್ನೊಂದು ವಿಷಯ: ಆಟಗಾರರ ಪುಸ್ತಕ 2024ರ ಸೆಪ್ಟೆಂಬರ್‌ನಲ್ಲಿ, ಡಿಎಂ ಪುಸ್ತಕ ನವೆಂಬರ್‌ನಲ್ಲಿ, ರಾಕ್ಷಸರ ಪುಸ್ತಕ 2025ರ ಫೆಬ್ರವರಿಯಲ್ಲಿ ಬಂದವು. ಅಂದ್ರೆ ಐದು ತಿಂಗಳು, ಹೊಸ ರೂಲ್ ತಗೊಂಡ ಗುಂಪುಗಳು ಹೊಸ ವೀರರನ್ನ ಹಳೇ ರಾಕ್ಷಸರ ಎದುರು ನಿಲ್ಲಿಸಿ ಆಡ್ಬೇಕಾಯ್ತು.

ನಮ್ಮ ಕೈಗೆ ಹೊಸ ಪುಸ್ತಕ ಸಿಕ್ಕಿದ್ದು ಸೆಕೆಂಡ್ ಸೆಮ್ ರಜೆಯಲ್ಲಿ. ಆಗ ನಮ್ಮ ಪಾತ್ರಗಳು 5ನೇ ಲೆವೆಲ್‌ನಲ್ಲಿದ್ವು. ಡಿಎಂ ಕೇಳಿದ: "ಹೊಸ ರೂಲ್ಸ್‌ಗೆ ಹೋಗೋಣ್ವಾ?" ಐದು ಕೈ ಮೇಲೆದ್ದವು. ಪ್ಯಾಲಡಿನ್ ಆಡೋ ಗೆಳತಿ ಮಾತ್ರ "ಸರಿ ಬಿಡಿ" ಅಂದ್ಲು.

ಒಂದು ಏಟಿನ ಲೆಕ್ಕ

ಪ್ಯಾಲಡಿನ್ ಅಂದ್ರೆ ವ್ರತ ತೊಟ್ಟ ಯೋಧ. ಅವಳ ಪಾತ್ರದ ಮುಖ್ಯ ಶಕ್ತಿ 'ಡಿವೈನ್ ಸ್ಮೈಟ್'. 2014ರ ನಿಯಮದಲ್ಲಿ ಕತ್ತಿಯ ಏಟು ತಾಗಿದ ಮೇಲೆ ಒಂದು ಸ್ಪೆಲ್ ಸ್ಲಾಟ್ ಖರ್ಚು ಮಾಡಿದ್ರೆ ಹೆಚ್ಚಿನ ಗಾಯ: ಮೊದಲ ಹಂತದ ಸ್ಲಾಟ್‌ಗೆ 8 ಮುಖದ ದಾಳ ಎರಡು. 5ನೇ ಲೆವೆಲ್‌ನಲ್ಲಿ ಒಂದು ಸರದಿಗೆ ಎರಡು ಏಟು. ಎರಡಕ್ಕೂ ಸ್ಮೈಟ್ ಹಾಕಬಹುದು. 8 ಮುಖದ ದಾಳದ ಸರಾಸರಿ 4.5, ನಾಲ್ಕು ದಾಳಕ್ಕೆ 18.

2024ರಲ್ಲಿ ಸ್ಮೈಟ್ ಒಂದು ಮಂತ್ರ ಆಯ್ತು. ಹಾಕೋಕೆ 'ಬೋನಸ್ ಆಕ್ಷನ್' ಬೇಕು. ಅದು ಸರದಿಗೆ ಒಂದೇ ಸಿಗೋದು. ಅಂದ್ರೆ ಎರಡು ಏಟು ತಾಗಿದ್ರೂ ಸ್ಮೈಟ್ ಒಂದಕ್ಕೆ ಮಾತ್ರ. ಸರಾಸರಿ 18 ಇದ್ದದ್ದು 9.

ಬದಲಿಗೆ ಅವಳಿಗೆ ಸಿಕ್ಕಿದ್ದೂ ಇದೆ. ದಿನಕ್ಕೊಂದು ಸ್ಮೈಟ್ ಸ್ಲಾಟ್ ಇಲ್ಲದೆ ಹಾಕಬಹುದು. ಮುಟ್ಟಿ ಗುಣಪಡಿಸೋದು ಮೊದಲು ಇಡೀ ಆಕ್ಷನ್ ತಿನ್ನುತ್ತಿತ್ತು, ಈಗ ಬೋನಸ್ ಆಕ್ಷನ್ ಸಾಕು. ಆಯುಧಗಳಿಗೆ ಹೊಸ ಕೌಶಲಗಳೂ ಬಂದವು. ಇದೇ ಹೊತ್ತಿಗೆ ನಮ್ಮ ಕ್ಲೆರಿಕ್‌ನ 'ಕ್ಯೂರ್ ವೂಂಡ್ಸ್' ಮಂತ್ರ ಒಂದು ದಾಳದಿಂದ ಎರಡು ದಾಳಕ್ಕೆ ಏರಿತು. ಒಟ್ಟು ಗುಂಪು ನೋಡಿದ್ರೆ ನಾವು ಬಲಿಷ್ಠರೇ ಆದ್ವಿ. ಆದ್ರೆ ಅವಳು ಗುಂಪಿನ ಸರಾಸರಿಯನ್ನ ಆಡ್ತಿರಲಿಲ್ಲ. ತನ್ನ ಊರು ಸುಟ್ಟವನನ್ನ ಒಂದೇ ಸರದಿಯಲ್ಲಿ ಎರಡು ಏಟಿಗೆ ಕೆಡವ್ತೀನಿ ಅಂತ ಮೊದಲ ಸೆಷನ್‌ನಿಂದ ಹೇಳ್ಕೊಂಡು ಬಂದಿದ್ಲು. ಐದು ಲೆವೆಲ್ ಅದಕ್ಕಾಗಿಯೇ ಕಟ್ಟಿದ್ಲು.

ಮುಂದಿನ ಎರಡು ಭಾನುವಾರ ಅವಳು ಬರಲಿಲ್ಲ. "ಲ್ಯಾಬ್ ರೆಕಾರ್ಡ್ ಇದೆ" ಅಂದ್ಲು. ರಜೆಯಲ್ಲಿ ಯಾವ ಲ್ಯಾಬ್ ರೆಕಾರ್ಡ್?

ನಾವು ಎಲ್ಲಿ ತಪ್ಪಿದ್ವಿ?

ನಮ್ಮ ವಾದ ಪೂರ್ತಿ 'ಹೊಸ ರೂಲ್ ಒಳ್ಳೇದಾ, ಕೆಟ್ಟದ್ದಾ' ಅನ್ನೋದ್ರ ಮೇಲಿತ್ತು. ಒಳ್ಳೇದೇ ಇರಬಹುದು. ಡಿಎಂ ಮೂರು ವಾರ ತಯಾರು ಮಾಡಿದ ರಾಕ್ಷಸ ಹಳೇ ಸ್ಮೈಟ್‌ಗೆ ಎರಡನೇ ಸುತ್ತಿನಲ್ಲೇ ಬಿದ್ದಿದ್ದ. ತನಗೆ ಹೊಸ ರೂಲ್ ಬೇಕಾಗಿದ್ದಕ್ಕೆ ಅದೂ ಒಂದು ಕಾರಣ ಅಂತ ಅವನೇ ಆಮೇಲೆ ಒಪ್ಕೊಂಡ.

ಕೇಳ್ಬೇಕಿದ್ದ ಪ್ರಶ್ನೆ ಬೇರೆ: ಈ ರೂಲ್ ನಂಬ್ಕೊಂಡು ಯಾರು ಏನು ಕಟ್ಟಿದ್ದಾರೆ? ಐಪಿಎಲ್‌ಗೆ 'ಇಂಪ್ಯಾಕ್ಟ್ ಪ್ಲೇಯರ್' ನಿಯಮ ಬಂದದ್ದು 2023ರ ಸೀಸನ್ ಶುರುವಿನಲ್ಲಿ, ಅರ್ಧ ಪಂದ್ಯ ಮುಗಿದ ಮೇಲೆ ಅಲ್ಲ. ವಿಟಿಯು 2022ರ ಸ್ಕೀಮ್ ತಂದಾಗ 2021ರ ಸ್ಕೀಮ್‌ನಲ್ಲಿ ಸೇರಿದ್ದ ಸೀನಿಯರ್‌ಗಳು ಹಳೇ ಸಿಲಬಸ್‌ನಲ್ಲೇ ಮುಂದುವರಿದ್ರು. ಸೀಸನ್‌ಗೆ, ಬ್ಯಾಚ್‌ಗೆ ಒಂದು ಗಡಿ ಇರತ್ತೆ. ಕ್ಯಾಂಪೇನ್‌ಗೆ ಆ ಗಡಿ ಇಲ್ಲ, ಆಡೋರೇ ಎಳ್ಕೋಬೇಕು. ನಾವು ಎಳೆಯಲಿಲ್ಲ.

2024ರ ಆಗಸ್ಟ್‌ನಲ್ಲಿ ದೊಡ್ಡ ಮಟ್ಟದಲ್ಲೂ ಇದೇ ನಡೆದಿತ್ತು. ಈ ಆಟದ ಅಧಿಕೃತ ಡಿಜಿಟಲ್ ವೇದಿಕೆ ಡಿ ಅಂಡ್ ಡಿ ಬಿಯಾಂಡ್, ಆಟಗಾರರ ಪಾತ್ರಗಳಲ್ಲಿರೋ ಹಳೇ ಮಂತ್ರಗಳ ಜಾಗಕ್ಕೆ ಹೊಸ ಮಂತ್ರಗಳೇ ಬರ್ತವೆ ಅಂತ ಪ್ರಕಟಿಸ್ತು. ನಡೀತಿರೋ ಕ್ಯಾಂಪೇನ್‌ಗಳ ಆಟಗಾರರು ಸಿಟ್ಟಾದ್ರು. ಕೆಲವೇ ದಿನದಲ್ಲಿ ನಿರ್ಧಾರ ವಾಪಸ್ ಆಯ್ತು.

ನಾವು ಮಾಡ್ಕೊಂಡ ವಿಂಗಡಣೆ

ಕೊನೆಗೆ ಅವಳ ಮನೆ ಹತ್ರ ಹೋಗಿ, ಜೆ.ಪಿ. ನಗರದ ಒಂದು ದರ್ಶಿನಿಯಲ್ಲಿ ಕಾಫಿ ಕುಡೀತಾ ಮಾತಾಡಿದ್ವಿ. ಬದಲಾವಣೆಗಳನ್ನ ಮೂರು ರಾಶಿ ಮಾಡಿದ್ವಿ.

1. ಮೇಜಿನ ರೂಲ್ಸ್. ಎಲ್ಲರಿಗೂ ಒಂದೇ ಥರ ತಟ್ಟೋವು. ಔಷಧಿ ಕುಡಿಯೋಕೆ ಮೊದಲು ಆಕ್ಷನ್, ಈಗ ಬೋನಸ್ ಆಕ್ಷನ್. ಹೊಂಚು ದಾಳಿಗೆ ಸಿಕ್ಕಿದವರು ಮೊದಲು ಇಡೀ ಸರದಿ ಕಳ್ಕೋತಿದ್ರು, ಈಗ ಸರದಿ ಕ್ರಮ ನಿರ್ಧರಿಸುವಾಗ ಎರಡು ದಾಳ ಹಾಕಿ ಕಡಿಮೆಯದನ್ನ ತಗೋತಾರೆ. ಇಂಥವಕ್ಕೆ ಕೈ ಎತ್ತಿ ವೋಟ್ ಮಾಡಬಹುದು. ಜಾರಿ ಮಾತ್ರ ಸೆಷನ್ ಶುರುವಿನಿಂದ, ಕಾಳಗದ ನಡುವೆ ಅಲ್ಲ.

2. ಪಾತ್ರದ ರೂಲ್ಸ್. ಸ್ಮೈಟ್, ಕ್ಯೂರ್ ವೂಂಡ್ಸ್ ಥರದವು. ಇಲ್ಲಿ ಬಹುಮತ ನಡೆಯಲ್ಲ. ಆ ಪಾತ್ರ ಆಡೋರು ಒಪ್ಪಬೇಕು. ಆದ್ರೆ ಹಳೇದರ ಲಾಭ, ಹೊಸದರ ಲಾಭ ಎರಡೂ ಆರಿಸ್ಕೊಳ್ಳೋ ಹಾಗಿಲ್ಲ. ಒಂದು ಪಾತ್ರಕ್ಕೆ ಒಂದೇ ಪುಸ್ತಕ.

3. ಹುಟ್ಟಿನ ರೂಲ್ಸ್. ಪಾತ್ರ ಸೃಷ್ಟಿಸುವಾಗ ಮಾತ್ರ ಬೇಕಾಗೋವು. ಶಕ್ತಿ, ಬುದ್ಧಿ ಮುಂತಾದವುಗಳ ಹೆಚ್ಚುವರಿ ಅಂಕ 2014ರಲ್ಲಿ ಕುಲದಿಂದ ಬರ್ತಿತ್ತು, 2024ರಲ್ಲಿ ಪಾತ್ರದ ಹಿನ್ನೆಲೆಯಿಂದ ಬರತ್ತೆ. ಇದು ಹೊಸ ಪಾತ್ರಕ್ಕೆ ಮಾತ್ರ. ಹಳೇ ಪಾತ್ರವನ್ನ ಮತ್ತೆ ಹುಟ್ಟಿಸೋದು ಬೇಡ.

ಎರಡು ಪುಸ್ತಕ ಇಟ್ಕೊಂಡು ಆಡೋದು ಸುಲಭ ಅಲ್ಲ. ಡಿಎಂಗೆ ಕೆಲಸ ಜಾಸ್ತಿ, ಆಗಾಗ ಆಟ ನಿಲ್ಲಿಸಿ ಪುಟ ತಿರುವಬೇಕು. ಅದಕ್ಕೇ ಗಡಿಯನ್ನೂ ಬರೆದಿಟ್ವಿ: ಊರು ಸುಟ್ಟವನ ಕಥೆ ಮುಗಿಯೋವರೆಗೆ ಹಳೇ ಸ್ಮೈಟ್, ಆಮೇಲೆ ಅವಳೇ ತೀರ್ಮಾನ ಮಾಡ್ತಾಳೆ.

ನೀವೂ ಗುಂಪು ಶುರು ಮಾಡೋದಾದ್ರೆ ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಅಡಿ ಉಚಿತವಾಗಿವೆ: 2014ರ ನಿಯಮಗಳ ಸಂಗ್ರಹ 5.1, 2024ರದ್ದು 5.2. ಮೊದಲ ದಿನವೇ ಯಾವ ಸಂಖ್ಯೆ ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮತ್ತೆ ಯಾರಾದ್ರೂ "ಸರಿ ಬಿಡಿ" ಅಂದ್ರೆ ಅದನ್ನ ಹೌದು ಅಂತ ಎಣಿಸ್ಬೇಡಿ.

ಅವಳು ವಾಪಸ್ ಬಂದ್ಲು. ಆ ಖಳನಾಯಕ ಇನ್ನೂ ಬದುಕಿದ್ದಾನೆ. ಮೂರನೇ ಇಂಟರ್ನಲ್ಸ್ ಮುಗಿದ ಮೇಲಿನ ಭಾನುವಾರ ಅವನ ಕೋಟೆ ಬಾಗಿಲಿಗೆ ಹೋಗ್ತೀವಿ. ಎರಡು ಏಟೂ ತಾಗತ್ತಾ ಅನ್ನೋದು ದಾಳಕ್ಕೆ ಬಿಟ್ಟದ್ದು.