ಗಿರಾಕಿಗಳ ವಿಳಾಸಪಟ್ಟಿ ಯಾರ ಸ್ವತ್ತು? — ಸಣ್ಣ ವ್ಯಾಪಾರಿ ಮತ್ತು ಮಿಂಚಂಚೆಯ ವಾರ್ತಾಪತ್ರ

ಮದರಾಸಿನ ಕತೀಡ್ರಲ್ ರಸ್ತೆಯಲ್ಲಿ 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲನ್ನು ಈ ನಗರದ ಹಿರಿಯ ಕನ್ನಡಿಗರು ಮರೆತಿರಲಾರರು. ಉಡುಪಿಯ ಕಡೆಯಿಂದ ಬಂದು ಈ ಊರಿಗೆ ತಮ್ಮ ನಾಡಿನ ಅಡಿಗೆಯ ರುಚಿ ಹತ್ತಿಸಿದ ಕೆ. ಕೃಷ್ಣರಾಯರ ಉದ್ಯಮಗಳಲ್ಲಿ ಅದೂ ಒಂದು. ಕಾರಿನಲ್ಲಿ ಕುಳಿತವರಿಗೆ ಕುಳಿತಲ್ಲಿಗೇ ದೋಸೆ, ಕಾಫಿಗಳನ್ನು ತಂದೊದಗಿಸುತ್ತಿದ್ದ ಆ ಉಪಾಹಾರಗೃಹ ನಿಂತಿದ್ದ ನೆಲ ಮಾತ್ರ ಸರ್ಕಾರದ್ದು. 2008ರಲ್ಲಿ ನೆಲ ಸರ್ಕಾರದ ವಶಕ್ಕೆ ಮರಳಿತು, ಹೋಟೆಲು ಮುಚ್ಚಿತು, 2010ರಲ್ಲಿ ಅದೇ ಸ್ಥಳದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ನಲವತ್ತಾರು ವರ್ಷ ಬಂದುಹೋಗುತ್ತಿದ್ದ ಜನ ಚದುರಿಹೋದರು. ಗಿರಾಕಿಯ ಹೆಸರು, ವಿಳಾಸಗಳನ್ನು ಬರೆದಿಡುವ ಪದ್ಧತಿ ನಮ್ಮ ಉಪಾಹಾರಗೃಹಗಳಲ್ಲಿ ಇದ್ದದ್ದಲ್ಲ.

ಇಂದಿನ ಸಣ್ಣ ವ್ಯಾಪಾರಿ ವಿಳಾಸಗಳನ್ನೇನೋ ಬರೆದಿಡುತ್ತಾನೆ. ಆದರೆ ಬಹುಮಟ್ಟಿಗೆ ಅವನು ಬರೆದಿಡುವುದೂ ಬಾಡಿಗೆಯ ನೆಲದಲ್ಲಿಯೇ. ಮಿಂಚಂಚೆಯ ಮೂಲಕ ಗಿರಾಕಿಗಳಿಗೆ ವಾರ್ತಾಪತ್ರ ಕಳುಹಿಸಿಕೊಡುವ ಸಂಸ್ಥೆಗಳು ಈಗ ಹೇರಳವಾಗಿವೆ. ಅವುಗಳ ಜಾಹೀರಾತುಗಳೆಲ್ಲ ಅಂದವಾದ ನಮೂನೆಗಳನ್ನೂ ಉಚಿತ ಸೇವೆಯನ್ನೂ ಮುಂದಿಡುತ್ತವೆ. ಆಯ್ಕೆ ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯದು. ನಾಳೆ ಈ ಸಂಸ್ಥೆಯನ್ನು ಬಿಡಬೇಕಾಗಿ ಬಂದರೆ ಕೈಯಲ್ಲಿ ಏನು ಉಳಿಯುತ್ತದೆ?

ಉದಾಹರಣೆಗಾಗಿ, ಪಶ್ಚಿಮ ಮಾಂಬಲದಲ್ಲಿ ಕನ್ನಡ ದಂಪತಿಗಳು ನಡೆಸುವ ಒಂದು ಸಣ್ಣ ಅಂಗಡಿಯನ್ನು ಊಹಿಸಿಕೊಳ್ಳಬಹುದು. ಸಾರಿನ ಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ, ಚಕ್ಕುಲಿಗಳ ಜತೆಗೆ ಮಧುಮೇಹಿಗಳಿಗೆಂದು ಸಕ್ಕರೆ ಬೆರೆಸದ ರಾಗಿಯ ಹುರಿಹಿಟ್ಟನ್ನೂ ಅಲ್ಲಿ ಮಾರುತ್ತಾರೆ. ನಾಲ್ಕಾರು ವರ್ಷಗಳಲ್ಲಿ 800 ಗಿರಾಕಿಗಳ ವಿಳಾಸ ಕೂಡಿದೆ. ತಿಂಗಳಿಗೆ ಎರಡು ಪತ್ರ ಬರೆಯುವ ಆಸೆ.

ಇಂಥವರ ಮೊದಲ ಯೋಚನೆ, ತಮ್ಮ ಜಿಮೇಲ್ ಖಾತೆಯಿಂದಲೇ ಎಲ್ಲರಿಗೂ ಕಳುಹಿಸಿದರಾಯಿತು ಎಂಬುದು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನವೊಂದಕ್ಕೆ 500 ಮಂದಿಗಿಂತ ಹೆಚ್ಚಿನವರಿಗೆ ಪತ್ರ ಹೋಗದು, ಅದೊಂದು ತೊಡಕು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ವಿಳಾಸಗಳನ್ನು ಮರೆಯಲ್ಲಿಡುವ ಅಂಕಣಕ್ಕೆ ಬದಲಾಗಿ ಅವಸರದಲ್ಲಿ ಎಲ್ಲರಿಗೂ ಕಾಣುವ ಅಂಕಣದಲ್ಲಿ ತುಂಬಿದರೆ ಎಲ್ಲ ವಿಳಾಸಗಳೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಪತ್ರ ಹಪ್ಪಳದ ವಿಚಾರವಾಗಿದ್ದರೆ ಹಾನಿ ಅಲ್ಪ. ರಾಗಿ ಹುರಿಹಿಟ್ಟಿನ ವಿಚಾರವಾಗಿದ್ದರೆ, ಒಂದೇ ಬೀದಿಯ ಯಾರುಯಾರಿಗೆ ಮಧುಮೇಹವಿದೆಯೆಂಬ ಯಾದಿಯೇ ಹಂಚಿಹೋದಂತಾಗುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಇದನ್ನು ಕ್ಷುಲ್ಲಕವೆಂದು ಯಾರೂ ತಳ್ಳಿಹಾಕಲಾರರು. ಪ್ರತಿಯೊಬ್ಬರಿಗೂ ಪ್ರತ್ಯೇಕ ಪತ್ರವಾಗಿಯೇ ರವಾನಿಸುವ ಸೇವೆಯ ಅಗತ್ಯ ಇಲ್ಲಿಂದ ಹುಟ್ಟುತ್ತದೆ.

ವಾಟ್ಸಾಪ್ ಇರುವಾಗ ಮಿಂಚಂಚೆಯ ಗೊಡವೆಯೇಕೆಂದು ಕೇಳುವವರುಂಟು. ಅಂದಂದಿನ ಆರ್ಡರಿಗೆ ವಾಟ್ಸಾಪ್ ಅನುಕೂಲವೇ ಸರಿ. ಆದರೆ ಅದು ಒಂದೇ ಸಂಸ್ಥೆಯ ಸ್ವತ್ತು. ಆ ಸಂಸ್ಥೆ ಅಂಗಡಿಯ ಖಾತೆಯನ್ನು ತಡೆಹಿಡಿದರೆ ಅದೇ ದಾರಿಯಲ್ಲಿ ಗಿರಾಕಿಯನ್ನು ಮತ್ತೆ ತಲಪಲು ಬೇರೊಂದು ಬಾಗಿಲಿಲ್ಲ. ಮಿಂಚಂಚೆಗೆ ಅಂಥ ಒಬ್ಬ ಒಡೆಯನಿಲ್ಲ. ಪತ್ರ ಗಣಕದಿಂದ ಗಣಕಕ್ಕೆ ಸಾಗುವ ಕ್ರಮವನ್ನು 1982ರಲ್ಲಿಯೇ ಎಲ್ಲರಿಗೂ ತೆರೆದ ನಿಯಮವಾಗಿ ಪ್ರಕಟಿಸಲಾಯಿತು. ಆದ್ದರಿಂದ ರವಾನೆ ಮಾಡುವ ಸಂಸ್ಥೆ ಬದಲಾದರೂ ಅದೇ ವಿಳಾಸಕ್ಕೆ ಪತ್ರ ತಲಪುತ್ತದೆ. ವಿಳಾಸಪಟ್ಟಿಗೆ ಬೆಲೆ ಬಂದಿರುವುದು ಈ ಗುಣದಿಂದಲೇ.

ಸಂಸ್ಥೆಗಳು ಬದಲಾಗುತ್ತಲೇ ಇರುತ್ತವೆ. ಟೈನಿಲೆಟರ್ ಎಂಬ ಸರಳ ಸೇವೆಯನ್ನು 2011ರಲ್ಲಿ ಅಮೆರಿಕದ ಮೇಲ್‌ಚಿಂಪ್ ಕೊಂಡುಕೊಂಡಿತು; 2024ರ ಫೆಬ್ರವರಿ 29ರಂದು ಅದನ್ನು ಮುಚ್ಚಲಾಯಿತು. ರೆವ್ಯೂ ಎಂಬ ಇನ್ನೊಂದನ್ನು ಟ್ವಿಟ್ಟರ್ 2021ರಲ್ಲಿ ಕೊಂಡು, ಎರಡೇ ವರ್ಷಕ್ಕೆ, 2023ರ ಜನವರಿಯಲ್ಲಿ ನಿಲ್ಲಿಸಿತು. ಮೇಲ್‌ಚಿಂಪ್ ತಾನೇ 2021ರಲ್ಲಿ ಇಂಟ್ಯೂಟ್ ಸಂಸ್ಥೆಯ ಪಾಲಾಯಿತು. 2,000 ವಿಳಾಸಗಳವರೆಗೆ ಉಚಿತವಾಗಿದ್ದ ಅದರ ಶ್ರೇಣಿ ಬಳಿಕ ಬಹಳವಾಗಿ ಕುಗ್ಗಿತು. ಇದನ್ನೆಲ್ಲ ದೂರಾಗಿ ಹೇಳಬೇಕಾಗಿಲ್ಲ. ಯಾರದೋ ವ್ಯಾಪಾರ, ಯಾರದೋ ಲೆಕ್ಕಾಚಾರ. ಉಚಿತವೆಂಬ ಮಾತನ್ನು ನಂಬಿ ಹತ್ತು ವರ್ಷದ ಯೋಜನೆ ಹೂಡತಕ್ಕದ್ದಲ್ಲ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಹೊರಟುಬರುವ ದಾರಿಯನ್ನು ಪರೀಕ್ಷಿಸುವಾಗ ಬಹುಮಂದಿ ವಿಳಾಸಗಳನ್ನು ಇಳಿಸಿಕೊಳ್ಳಲು ಸಾಧ್ಯವೇ ಎಂದಷ್ಟೇ ನೋಡುತ್ತಾರೆ. ಅದು ಸಾಲದು. ‘ಇನ್ನು ಪತ್ರ ಬೇಡ’ ಎಂದು ಬಿಟ್ಟುಹೋದವರ ಪಟ್ಟಿಯೂ ಜತೆಗೆ ಬರಬೇಕು. ಅದು ಬಾರದೆ, ಅಂಗಡಿಯ ಹಳೆಯ ಪುಸ್ತಕದಿಂದ ಎಲ್ಲ ಹೆಸರುಗಳನ್ನೂ ಹೊಸ ಸೇವೆಗೆ ಏರಿಸಿದರೆ, ಎರಡು ವರ್ಷದ ಹಿಂದೆ ಬೇಡವೆಂದವರ ಮನೆಬಾಗಿಲಿಗೆ ಪತ್ರ ಮತ್ತೆ ಹೋಗಿ ನಿಲ್ಲುತ್ತದೆ. ಅವರು ಅದನ್ನು ‘ಸ್ಪ್ಯಾಮ್’ ಎಂದು ಗುರುತು ಮಾಡುತ್ತಾರೆ. ಅಂಥ ಗುರುತುಗಳು ಹೆಚ್ಚಿದಷ್ಟೂ ಪತ್ರವನ್ನು ಆಸೆಯಿಂದ ಕಾಯುವವರಿಗೂ ಅದು ಕಸದ ಪೆಟ್ಟಿಗೆಗೆ ಬೀಳತೊಡಗುತ್ತದೆ. ದೂರಿನ ಪ್ರಮಾಣ ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂದು ಗೂಗಲ್ ವಿಧಿಸಿದೆ. 800 ಪತ್ರಗಳಲ್ಲಿ ಮೂವರು ಮುನಿದರೆ ಆ ಎಲ್ಲೆ ದಾಟಿತು! ಯಾರು, ಯಾವ ದಿನ, ಯಾವ ವಿಧಾನದಿಂದ ಒಪ್ಪಿಗೆ ಕೊಟ್ಟರು ಎಂಬ ವಿವರವೂ ಹೆಸರಿನೊಡನೆ ಇಳಿದುಬರಬೇಕು. ಈ ಮೂರನ್ನೂ ಸಾಧಾರಣ ಸಿಎಸ್‌ವಿ ಕಡತವಾಗಿ ಕೊಡದ ಸೇವೆ ಎಷ್ಟೇ ಅಂದವಾಗಿರಲಿ, ಅದನ್ನು ಬಿಟ್ಟುಬಿಡುವುದೇ ಮೇಲು.

ಪಟ್ಟಿಯಂತೆ ಕಳುಹಿಸುವವನ ವಿಳಾಸವೂ ಸ್ವಂತದ್ದಾಗಿರಬೇಕು. ಅಂಗಡಿಯ ಹೆಸರಿನಲ್ಲಿ ಡೊಮೇನ್ ಪಡೆಯಲು ವರ್ಷಕ್ಕೆ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಮುಂಚೆ ಜಿಮೇಲ್ ವಿಳಾಸದ ಹೆಸರಿನಲ್ಲಿಯೇ ಇಂಥ ಸೇವೆಗಳ ಮೂಲಕ ಪತ್ರ ಕಳುಹಿಸುವವರಿದ್ದರು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಆ ರೂಢಿ ಕೆಲಸಕ್ಕೆ ಬಾರದು. ಪತ್ರ ನಿಜವಾಗಿ ಆ ಡೊಮೇನಿನ ಒಡೆಯನಿಂದಲೇ ಬಂದಿದೆಯೆಂದು ಸಾಬೀತುಪಡಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳುಂಟು. ಹೆಸರು ಕೇಳಿ ಬೆದರಬೇಕಾಗಿಲ್ಲ. ಲಕೋಟೆಯ ಮೇಲಿನ ಮುದ್ರೆಯಂತೆ ಅವು. ಡೊಮೇನ್ ಮಾರಿದವರ ಪುಟದಲ್ಲಿ ಒಮ್ಮೆ ನಮೂದಿಸಿದರೆ ಮುಗಿಯಿತು. ಒಳ್ಳೆಯ ಸೇವೆ ಇದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿಕೊಡುತ್ತದೆ.

ಇನ್ನು ಹಣದ ಮಾತು. ಕೆಲವು ಸಂಸ್ಥೆಗಳು ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯ ಮೇಲೆ ದರ ಹಾಕುತ್ತವೆ. ಬ್ರೆವೊ ಎಂಬ ಫ್ರಾನ್ಸಿನ ಸಂಸ್ಥೆಯಂಥವು ಕಳುಹಿಸಿದ ಪತ್ರಗಳ ಸಂಖ್ಯೆಯ ಮೇಲೆ. ತಿಂಗಳಿಗೆ ಎರಡು ಬಾರಿ ಬರೆಯುವ ಮಾಂಬಲದ ಅಂಗಡಿಯ ಲೆಕ್ಕ 1,600 ಪತ್ರಗಳಷ್ಟೇ. ಅಪರೂಪಕ್ಕೆ ಬರೆಯುವವರಿಗೆ ಎರಡನೆಯ ಕ್ರಮ ಸಾಮಾನ್ಯವಾಗಿ ಅಗ್ಗ. ಉಚಿತ ಶ್ರೇಣಿಗಳಲ್ಲಿ ದಿನದ ಮಿತಿಯನ್ನೂ ನೋಡಬೇಕು. ದಿನಕ್ಕೆ 300 ಪತ್ರಗಳೆಂದಿದ್ದರೆ 800 ಮಂದಿಗೆ ಮೂರು ದಿನ ಹಿಡಿಯುತ್ತದೆ; ಗೌರಿ ಹಬ್ಬದ ಹಿಂದಿನ ದಿನ ಹೊರಟ ಚಕ್ಕುಲಿಯ ಸುದ್ದಿ ಕಡೆಯ ಇನ್ನೂರು ಜನರಿಗೆ ಗಣಪತಿಯ ಪೂಜೆಯೂ ಮುಗಿದ ಮೇಲೆ ತಲಪೀತು.

ವಿದೇಶೀ ಸಂಸ್ಥೆಗೆ ಡಾಲರಿನಲ್ಲಿ ತಿಂಗಳ ಕಂತು ಕಟ್ಟುವವರು ಇನ್ನೊಂದನ್ನು ಗಮನದಲ್ಲಿಡಬೇಕು. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಾರ್ಡಿನಿಂದ ತಾನಾಗಿಯೇ ಕಂತು ಕಡಿತವಾಗಬೇಕಾದರೆ ಮೊದಲೇ ನೋಂದಣಿ, ಮುಂಗಡ ಸೂಚನೆಗಳ ಏರ್ಪಾಡಿರಬೇಕು. ಅದಿಲ್ಲದ ಕಡೆ ಕಂತು ನಿಲ್ಲುತ್ತದೆ, ಕಂತಿನೊಡನೆ ಪತ್ರವೂ. ಚೆನ್ನೈಯಲ್ಲಿಯೇ ನೆಲೆಯಿರುವ, 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ ಹುಟ್ಟಿ 2009ರಲ್ಲಿ ಜೋಹೋ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯ ‘ಕ್ಯಾಂಪೇನ್ಸ್’ ಸೇವೆ ರೂಪಾಯಿಯಲ್ಲಿ ಬಿಲ್ಲು ಕೊಡುತ್ತದೆ. ಜಿಎಸ್‌ಟಿ ಲೆಕ್ಕಕ್ಕೂ ಅದು ಸುಲಭ. ಆದರೆ ನಮ್ಮ ಊರಿನದೆಂಬ ಅಭಿಮಾನದಿಂದ ಮೇಲಿನ ಪರೀಕ್ಷೆಗಳಲ್ಲಿ ರಿಯಾಯಿತಿ ತೋರಿಸಬೇಕಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ತಮ್ಮದೇ ಆದ ಎರಡು ಎಡರುಗಳಿವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಬರಹವನ್ನು ಹಾಗೆಯೇ ಅಂಟಿಸಿದರೆ, ಆ ಫಾಂಟು ಇಲ್ಲದ ಗಿರಾಕಿಯ ಫೋನಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿಗೆ ಪರಿವರ್ತಿಸಿಯೇ ಕಳುಹಿಸಬೇಕು. ಎರಡನೆಯದು ಗಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು; ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿದ್ದು 18 ಬೈಟ್ ಹಿಡಿಯುತ್ತದೆ. ಸುಮಾರು 102 ಕಿಲೋಬೈಟ್ ಮೀರಿದ ಪತ್ರದ ಬಾಲವನ್ನು ಜಿಮೇಲ್ ಮಡಚಿಡುತ್ತದೆ. ಅಲಂಕಾರದ ನಮೂನೆಗಳ ಸಂಕೇತಭಾರ ಇದಕ್ಕೆ ಸೇರಿದಾಗ, ಪತ್ರದ ಅಡಿಯಲ್ಲಿರುವ ‘ಪತ್ರ ಬೇಡ’ ಎಂಬ ಕೊಂಡಿಯೇ ಕಣ್ಮರೆಯಾಗುವ ಸಂಭವವುಂಟು. ಸಾದಾ ನಮೂನೆಯೇ ಕನ್ನಡಕ್ಕೆ ಒಪ್ಪುವುದು.

ಆ ಕೊಂಡಿಗೆ ಈಗ ಶಾಸನದ ಬೆಂಬಲವೂ ಒದಗಿದೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಅದು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದು ಕಾಯಿದೆ ಹೇಳುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ಇರಬೇಕೆನ್ನುತ್ತದೆ. ತಮಿಳುನಾಡಿನಲ್ಲಿ ನೆಲಸಿದ ಕನ್ನಡಿಗನಿಗೂ ಈ ಹಕ್ಕು ಸಲ್ಲುತ್ತದೆ.

ಸೇವೆಗಳು ಪ್ರತಿ ಹೆಸರಿನ ಮುಂದೆ ಗುರುತುಚೀಟಿ ಹಚ್ಚುವ ಸೌಕರ್ಯವನ್ನೂ ಕೊಡುತ್ತವೆ. ಅಂಗಡಿಯವರು ಸದುದ್ದೇಶದಿಂದಲೇ ‘ಮಧುಮೇಹಿ’, ‘ರಕ್ತದೊತ್ತಡ’ ಎಂದು ಬರೆದಿಡುವ ಪ್ರಲೋಭನೆಗೆ ಒಳಗಾಗಬಹುದು. ಹಾಗೆ ಬರೆಯಬಾರದು. ‘ರಾಗಿ ಹುರಿಹಿಟ್ಟು ಕೊಳ್ಳುವವರು’ ಎಂದರೆ ವ್ಯಾಪಾರಕ್ಕೆ ಸಾಕು. ಅದನ್ನು ಮೊಮ್ಮಗುವಿಗೆಂದು ಒಯ್ಯುವ ಅಜ್ಜಿಯೂ ಇರುತ್ತಾರೆ. ರೋಗದ ಹೆಸರು ವೈದ್ಯರ ಕಡತದಲ್ಲಿ ಇರತಕ್ಕದ್ದು.

ಪತ್ರವನ್ನು ಎಷ್ಟು ಮಂದಿ ತೆರೆದರೆಂಬ ಅಂಕಿಗೆ ಹೆಚ್ಚು ಮರುಳಾಗಬೇಕಾಗಿಲ್ಲ. 2021ರಲ್ಲಿ ಆಪಲ್ ಸಂಸ್ಥೆ ತನ್ನ ಅಂಚೆ ತಂತ್ರಾಂಶದಲ್ಲಿ ಈ ಎಣಿಕೆಯನ್ನು ಮಸುಕುಗೊಳಿಸುವ ವ್ಯವಸ್ಥೆ ತಂದ ಮೇಲೆ, ಓದದವರೂ ಓದಿದವರೆಂದು ಲೆಕ್ಕಕ್ಕೆ ಬೀಳುತ್ತಾರೆ. ಪತ್ರ ನೋಡಿ ಹುಳಿಪುಡಿ ಕೇಳಿಕೊಂಡು ಬಂದವರೆಷ್ಟು ಎಂದು ಅಂಗಡಿಯ ಪುಸ್ತಕದಲ್ಲಿ ಬರೆದುಕೊಂಡರೆ ಅದೇ ಹೆಚ್ಚು ನಿಜವಾದ ಲೆಕ್ಕ.

ಹಣ ಕಟ್ಟುವ ಮುನ್ನ ಬಂಧುಮಿತ್ರರ ಹತ್ತು ವಿಳಾಸಗಳನ್ನು ಸೇರಿಸಿ ಒಂದು ಕನ್ನಡ ಪತ್ರ ಕಳುಹಿಸಿ ನೋಡಬೇಕು. ಮನೆಯಲ್ಲಿರುವ ಅತ್ಯಂತ ಹಳೆಯ ಫೋನಿನಲ್ಲಿ ಅದನ್ನು ತೆರೆಯಬೇಕು. ಇಬ್ಬರಿಂದ ‘ಪತ್ರ ಬೇಡ’ ಎಂಬ ಕೊಂಡಿಯನ್ನು ಒತ್ತಿಸಿ, ಅನಂತರ ಪಟ್ಟಿಯನ್ನು ಇಳಿಸಿಕೊಂಡು, ಆ ಇಬ್ಬರ ಹೆಸರು ಬಿಟ್ಟವರ ಸಾಲಿನಲ್ಲಿ ದಿನಾಂಕಸಹಿತ ಇದೆಯೇ ಎಂದು ಪರಿಶೀಲಿಸಬೇಕು. ಇದ್ದರೆ ಆ ಸೇವೆಯನ್ನು ಆರಿಸಿಕೊಳ್ಳಬಹುದು. ಆಮೇಲೆ ತಿಂಗಳಿಗೊಮ್ಮೆ ಪಟ್ಟಿಯನ್ನು ಇಳಿಸಿ, ಗುಪ್ತಪದದ ಬೀಗ ಹಾಕಿ, ಲೆಕ್ಕದ ಪುಸ್ತಕಗಳಿರುವ ಬೀರುವಿನಲ್ಲಿ ಒಂದು ಪ್ರತಿಯನ್ನೂ, 2015ರ ಡಿಸೆಂಬರಿನ ನೆರೆಯನ್ನು ಕಂಡ ಊರಾದುದರಿಂದ, ಮಹಡಿಯ ಮೇಲಿನ ಮನೆಯೊಂದರಲ್ಲಿ ಇನ್ನೊಂದು ಪ್ರತಿಯನ್ನೂ ಇಡತಕ್ಕದ್ದು.