ನಗರಸೇವಕನ ಆಯ್ಕೆ: ಮತದಾನಕ್ಕೆ ಮುಂಚಿನ ಮತದಾನ

ಮತದಾರನ ಅಧಿಕಾರ ಮತಗಟ್ಟೆಯಲ್ಲಿ ಆರಂಭವಾಗುತ್ತದೆ ಎಂಬುದು ಸಾಮಾನ್ಯ ಭಾವನೆ. ಆದರೆ ಮತಯಂತ್ರದ ಮೇಲೆ ಯಾರ ಹೆಸರಿರಬೇಕೆಂಬ ನಿರ್ಧಾರ ಅದಕ್ಕೂ ಮೊದಲೇ ಆಗಿರುತ್ತದೆ. ಈ ಮೊದಲ ಆಯ್ಕೆಯನ್ನೂ ಮತದಾನದಿಂದಲೇ ನಡೆಸುವ ಪದ್ಧತಿಗೆ ಪ್ರೈಮರಿ ಅಥವಾ ಪೂರ್ವಭಾವಿ ಚುನಾವಣೆ ಎಂದು ಹೆಸರು. ಸ್ಥಳೀಯ ಸಂಸ್ಥೆಗಳಿಗೆ ಅದು ತಕ್ಕುದೇ ಎಂಬುದನ್ನು ಮುಂಬಯಿಯ ನಿದರ್ಶನದಿಂದ ಪರಿಶೀಲಿಸಬಹುದು.

ಈಗಿನ ವ್ಯವಸ್ಥೆ

1888ರ ಅಧಿನಿಯಮದಂತೆ ನಡೆಯುವ ಬೃಹನ್ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳೆರಡೂ ಸೇರಿವೆ. ಅದರ 227 ವಾರ್ಡುಗಳಿಗೆ 2026ರ ಜನವರಿ 15ರಂದು ಚುನಾವಣೆ ನಡೆಯಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 1 ಕೋಟಿ 24 ಲಕ್ಷ. ಇದನ್ನು ಹಂಚಿದರೆ ವಾರ್ಡೊಂದಕ್ಕೆ ಸರಾಸರಿ 55 ಸಾವಿರ ಜನರಾಗುತ್ತಾರೆ. ಅಂದರೆ ಒಂದೊಂದು ವಾರ್ಡೂ ಒಂದು ಸಣ್ಣ ಪಟ್ಟಣವೇ ಸರಿ. ಅಲ್ಲಿನ ನೀರು, ಚರಂಡಿ, ಕಸ ವಿಲೇವಾರಿಗಳ ಬಗ್ಗೆ ಜನರು ಮೊದಲು ಮೊರೆಹೋಗುವುದು ನಗರಸೇವಕನನ್ನು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರಸಂಸ್ಥೆಗಳ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗದ ಹೊಣೆಗೆ ಒಪ್ಪಿಸಿತು. ಮತದಾರರ ಪಟ್ಟಿ, ನಾಮಪತ್ರ, ಮತ ಎಣಿಕೆ ಎಲ್ಲಕ್ಕೂ ನಿಯಮಗಳುಂಟು. ಆದರೆ ಪಕ್ಷವು ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸಬೇಕೆಂಬ ಬಗ್ಗೆ ಕಾನೂನು ಮೌನವಾಗಿದೆ. ಮುಂಬಯಿಯಲ್ಲಿ ಎ-ಬಿ ಫಾರಂ ಎಂದು ಕರೆಯಲಾಗುವ ಪಕ್ಷದ ಅಧಿಕೃತ ಪತ್ರ ಯಾರ ಕೈಸೇರುವುದೋ ಅವರೇ ಪಕ್ಷದ ಅಭ್ಯರ್ಥಿ. ಮಹಾರಾಷ್ಟ್ರದ 1986ರ ಅನರ್ಹತಾ ಅಧಿನಿಯಮದಂತೆ, ಗೆದ್ದ ಸದಸ್ಯನು ಪಕ್ಷವನ್ನು ತ್ಯಜಿಸಿದರೆ ಸ್ಥಾನವನ್ನೂ ಕಳೆದುಕೊಳ್ಳಬೇಕಾಗುತ್ತದೆ. ಹೀಗಾಗಿ ಟಿಕೇಟು ಕೊಡುವವರ ಹಿಡಿತ ಐದು ವರ್ಷವೂ ಉಳಿಯುತ್ತದೆ. ಪಕ್ಷಗಳ ಆಂತರಿಕ ಪ್ರಜಾಪ್ರಭುತ್ವಕ್ಕೆ ಕಾನೂನಿನ ಆಧಾರವಿರಬೇಕೆಂದು ಕಾನೂನು ಆಯೋಗವು 1999ರಲ್ಲಿ ತನ್ನ 170ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು.

ನಡೆದ ಪ್ರಯೋಗಗಳು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು 1903ರಲ್ಲಿಯೇ ಪ್ರೈಮರಿಗಾಗಿ ಶಾಸನ ಮಾಡಿತು. ಪಕ್ಷದ ಮುಖಂಡರ ಕೈಯಲ್ಲಿದ್ದ ಆಯ್ಕೆಯನ್ನು ಮತದಾರರಿಗೆ ಒಪ್ಪಿಸುವುದು ಅದರ ಉದ್ದೇಶ. ಆದರೆ ಟೆಕ್ಸಾಸ್‌ನಲ್ಲಿ ಕರಿಯರನ್ನು ಹೊರಗಿಡಲು ಇದೇ ಪದ್ಧತಿ ಸಾಧನವಾಯಿತು. 1944ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಬೇಕಾಯಿತು. ಪ್ರೈಮರಿಯಲ್ಲಿ ಮತ ಯಾರಿಗುಂಟು ಎಂಬುದೇ ಮುಖ್ಯ ಪ್ರಶ್ನೆಯೆಂಬುದು ಇದರಿಂದ ವೇದ್ಯವಾಗುತ್ತದೆ.

ಭಾರತದಲ್ಲಿ 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ಕೆಲವೇ ಕ್ಷೇತ್ರಗಳಲ್ಲಿ ಈ ಪ್ರಯೋಗ ನಡೆಸಿತು. ಕರ್ನಾಟಕದ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳು ಅವುಗಳಲ್ಲಿ ಸೇರಿದ್ದವು. ಅಲ್ಲಿ ಮತ ನೀಡಿದವರು ಪಕ್ಷದವರೇ ಹೊರತು ಸಾಮಾನ್ಯ ಮತದಾರರಲ್ಲ. ಎರಡೂ ಕಡೆ ಪಕ್ಷ ಸೋತಿತು. ಸೋಲಿಗೆ ಇತರ ಕಾರಣಗಳೂ ಇದ್ದಿರಬಹುದು. ಪಕ್ಷದೊಳಗಿನ ಒಲವೇ ಕ್ಷೇತ್ರದ ಒಲವಾಗಬೇಕೆಂದಿಲ್ಲ ಎಂಬುದಂತೂ ಸ್ಪಷ್ಟ.

ಮುಂಬಯಿಯಲ್ಲಿ ಬೇರೊಂದು ಬಗೆಯ ಯತ್ನ ನಡೆಯಿತು. 2007ರ ಪಾಲಿಕೆ ಚುನಾವಣೆಯಲ್ಲಿ ಜುಹು ಪ್ರದೇಶದ ನಾಗರಿಕ ಸಂಘಟನೆಗಳು ಸಮಾಲೋಚಿಸಿ ಅಡಾಲ್ಫ್ ಡಿಸೋಜಾ ಅವರನ್ನು ತಮ್ಮ ಒಮ್ಮತದ ಅಭ್ಯರ್ಥಿಯಾಗಿ ನಿಲ್ಲಿಸಿದವು, ಅವರು ಗೆದ್ದರು. ಹೆಸರು ಪ್ರೈಮರಿ ಅಲ್ಲದಿದ್ದರೂ ಅದರ ತತ್ತ್ವ ಇಲ್ಲಿತ್ತು. ಆದರೆ ಇಂತಹ ಆಯ್ಕೆಯಲ್ಲಿ ಒಂದು ಎಚ್ಚರ ಅಗತ್ಯ. ಹೌಸಿಂಗ್ ಸೊಸೈಟಿಗಳ ನಿವಾಸಿಗಳಿಗೆ ಸಂಘವಿರುತ್ತದೆ, ಸಭೆ ಸೇರಲು ಸ್ಥಳವಿರುತ್ತದೆ. ಜೋಪಡಿಯಲ್ಲಿ ವಾಸಿಸುವ ದುಡಿಮೆಗಾರನಿಗೆ ಇವೆರಡೂ ಸುಲಭವಲ್ಲ. ಅವನ ದನಿ ಕೇಳದ ಆಯ್ಕೆ ವಾರ್ಡಿನ ಆಯ್ಕೆಯಾಗದು.

ಸಾಧಕ ಬಾಧಕ

ಪ್ರೈಮರಿ ನಡೆದರೆ ಆಕಾಂಕ್ಷಿಯು ಮುಖಂಡರ ಮನೆಯ ಬದಲು ವಾರ್ಡಿನ ಮನೆಗಳಿಗೆ ಹೋಗಬೇಕಾಗುತ್ತದೆ. ಅವನ ಕೆಲಸವನ್ನು ಬಲ್ಲ ನೆರೆಹೊರೆಯವರೇ ಅದನ್ನು ತೂಗಿನೋಡುತ್ತಾರೆ. ಇನ್ನೊಂದೆಡೆ, ಎರಡೆರಡು ಬಾರಿ ಪ್ರಚಾರವೆಂದರೆ ಎರಡು ಪಟ್ಟು ಖರ್ಚು. ಹಣವಿಲ್ಲದವರು ಮೊದಲ ಹಂತದಲ್ಲಿಯೇ ಹಿಂದೆ ಬೀಳಬಹುದು. ಮತಕ್ಕಾಗಿ ಹೆಸರಿಗಷ್ಟೇ ಸದಸ್ಯರನ್ನು ಸೇರಿಸುವ ಅಪಾಯವೂ ಉಂಟು. ಸೋತವರು ಬಂಡಾಯ ಅಭ್ಯರ್ಥಿಗಳಾಗಬಹುದು. ಮೇಲಾಗಿ ಮೀಸಲಾತಿಯ ವಾರ್ಡುಗಳನ್ನು ಚೀಟಿ ಎತ್ತಿ ನಿರ್ಧರಿಸುವುದರಿಂದ, ಚೀಟಿ ಎತ್ತಿದ ನಂತರವೇ ಪ್ರೈಮರಿ ಸಾಧ್ಯ.

ಆದುದರಿಂದ ಇಡೀ ನಗರಕ್ಕೆ ಒಮ್ಮೆಲೇ ಹೇರುವ ಬದಲು, ಪಕ್ಷಗಳು ಸ್ವಇಚ್ಛೆಯಿಂದ ಕೆಲವು ವಾರ್ಡುಗಳಲ್ಲಿ ಪರೀಕ್ಷಿಸುವುದು ವಿವೇಕದ ಮಾರ್ಗ. ಮುಂಚಿತವಾಗಿ ಪ್ರಕಟಿಸಿದ ಮತದಾರರ ಪಟ್ಟಿ, ಗುಪ್ತ ಮತದಾನ, ವೆಚ್ಚಕ್ಕೆ ಮಿತಿ, ನಿಷ್ಪಕ್ಷಪಾತ ಎಣಿಕೆ ಇವು ಅದಕ್ಕೆ ಕನಿಷ್ಠ ನಿಬಂಧನೆಗಳು. ಇವಿಲ್ಲದ ಪ್ರೈಮರಿಯು ಮೇಲಿನವರ ತೀರ್ಮಾನಕ್ಕೆ ಒತ್ತುವ ಮುದ್ರೆಯಾದೀತು. ಅಲ್ಲಿಯವರೆಗೆ ಮತದಾರನಿಗೆ ಒಂದು ಮಾರ್ಗ ತೆರೆದೇ ಇದೆ. ಟಿಕೇಟು ಹಂಚಿಕೆಗೆ ಮುನ್ನವೇ ನೆರೆಹೊರೆಯವರೊಡನೆ ಸೇರಿ, ಎಂತಹ ನಗರಸೇವಕ ಬೇಕೆಂಬುದನ್ನು ಎಲ್ಲ ಪಕ್ಷಗಳಿಗೂ ಬಹಿರಂಗವಾಗಿ ತಿಳಿಸಬಹುದು.

ಚರ್ಚೆಗೆ ಪ್ರಶ್ನೆಗಳು

1. ಪ್ರೈಮರಿಯಲ್ಲಿ ಮತದ ಹಕ್ಕು ಪಕ್ಷದ ಸದಸ್ಯರಿಗೆ ಮಾತ್ರವೇ, ವಾರ್ಡಿನ ಎಲ್ಲ ಮತದಾರರಿಗೂ ಇರಬೇಕೇ?
2. ಹಣವಿಲ್ಲದ ಯೋಗ್ಯರಿಗೆ ಮೊದಲ ಹಂತದಲ್ಲಿ ಅವಕಾಶ ಕಲ್ಪಿಸುವುದು ಹೇಗೆ?
3. ನಿಮ್ಮ ವಾರ್ಡಿನಲ್ಲಿ ಸಂಘಟನೆಯಿಲ್ಲದ ನಿವಾಸಿಗಳು ಯಾರು? ಅವರ ಅಭಿಪ್ರಾಯವನ್ನು ತಿಳಿಯುವ ಬಗೆ ಯಾವುದು?